ಉಪ್ಪಾಗೆ, ಮುರುಗಲು ಮಾರುವ ಮುನ್ನ: ಕಾಡಿನ ಬೆಳೆಯ ವ್ಯಾಪಾರಕ್ಕೂ ಊರಿನ ಪಾಲಿಗೂ ಒಂದು ಸಮಗ್ರ ಮಾರ್ಗದರ್ಶಿ

ಘಟ್ಟದ ಕಾಡಿನ ಮರದ ಹಣ್ಣು ಉಪ್ಪಾಗೆ ಒಂದು ಕಾಲಕ್ಕೆ ಮನೆಖರ್ಚಿನ ಹುಳಿ ಅಷ್ಟೇ ಆಗಿತ್ತು. ಸಾರಿಗೆ ಸಿಪ್ಪೆ, ಬೀಜದಿಂದ ತುಪ್ಪ. ಕೊಡಗಿನವರು ಹಂದಿ ಸಾರಿಗೆ ಹಾಕುವ ಕಾಚಂಪುಳಿಯೂ ಇದೇ ಹಣ್ಣಿನ ರಸದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಸುದ್ದಿ ಹಬ್ಬಿತು: ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದಂತೆ. ದರ ಏರಿತು. ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಕಾಡಿನಲ್ಲಿ ಪೈಪೋಟಿ ಶುರುವಾಯಿತು. ಕಾಯಿ ಬಲಿಯುವ ಮೊದಲೇ ಕೊಯ್ದರು. ಕೈಗೆ ಎಟುಕದ ಕಡೆ ಟೊಂಗೆಯನ್ನೇ ಕಡಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಉಪ್ಪಾಗೆ ಸಾರ ತಿಂದವರಿಗೂ ಸುಮ್ನೆ ಖಾಲಿ ಗುಳಿಗೆ ತಿಂದವರಿಗೂ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೂ ಗುಳಿಗೆ ಮಾರಾಟ ನಿಲ್ಲಲಿಲ್ಲ. ಮರದಿಂದ ಡಬ್ಬಿಯವರೆಗಿನ ಈ ದಾರಿಯಲ್ಲಿ ದುಡ್ಡು ಎಲ್ಲೆಲ್ಲೋ ನಿಂತಿತು. ಮರ ಹತ್ತಿದವರ ಕೈಯಲ್ಲಿ ನಿಂತದ್ದು ಕಡಿಮೆ.

ಇಂಥ ವ್ಯಾಪಾರವನ್ನು ಕಾಡಿಗೂ ಊರಿಗೂ ಒಳ್ಳೆಯದಾಗುವಂತೆ ಮಾಡಬಹುದು ಅನ್ನುವುದು ಹೊಸ ಮಾತಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ 1996ರಲ್ಲೇ 'ಬಯೋಟ್ರೇಡ್' ಅಂತ ಒಂದು ಕಾರ್ಯಕ್ರಮ ಶುರು ಮಾಡಿತು. ಅದರ ಏಳು ತತ್ವಗಳನ್ನು ಇಲ್ಲಿ ಒಪ್ಪಿಸುವುದಿಲ್ಲ. ನಮ್ಮ ಮಲೆನಾಡಿನ ಒಂದು ಸ್ವಸಹಾಯ ಸಂಘವೋ, ಗ್ರಾಮ ಅರಣ್ಯ ಸಮಿತಿಯೋ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯೋ ಇದನ್ನು ಮಾಡಲು ಹೊರಟರೆ ಯಾವುದರ ನಂತರ ಯಾವುದು ಅನ್ನುವುದಷ್ಟೇ ಈ ಬರಹ.

ಹಂತ 1: ಜಾಗ ಯಾರದು ಅಂತ ಖಚಿತ ಮಾಡಿಕೊಳ್ಳಿ

ಎಲ್ಲರೂ ದರದಿಂದ ಶುರು ಮಾಡುತ್ತಾರೆ. ನೀವು ನಕ್ಷೆಯಿಂದ ಶುರು ಮಾಡಿ. ಮರ ನಿಂತಿರುವುದು ನಿಮ್ಮ ಮಾಲ್ಕಿ ಜಮೀನಿನಲ್ಲೋ, ಸೊಪ್ಪಿನ ಬೆಟ್ಟದಲ್ಲೋ, ಮೀಸಲು ಅರಣ್ಯದಲ್ಲೋ, ಅಭಯಾರಣ್ಯದ ಒಳಗೋ? ಇದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮಾಲ್ಕಿ ಜಾಗವಾದರೆ ತಲೆನೋವು ಕಡಿಮೆ. ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟದವರಿಗೆ ಸೊಪ್ಪು, ದರಕಿನ (ಒಣಗಿ ಬಿದ್ದ ಎಲೆಯ) ಸವಲತ್ತು ಇದೆ. ಆದರೆ ಭೂಮಿ ಅವರದಲ್ಲ. ಹಣ್ಣು ಕೊಯ್ದು ಮಾರುವ ಬಗ್ಗೆ ವಲಯ ಅರಣ್ಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಮೀಸಲು ಅರಣ್ಯವಾದರೆ ಆ ಪ್ರದೇಶದ ಉತ್ಪನ್ನ ಯಾರಿಗಾದರೂ ಟೆಂಡರ್ ಆಗಿದೆಯಾ, ಗ್ರಾಮ ಅರಣ್ಯ ಸಮಿತಿಗೆ ಪಾಲು ಇದೆಯಾ ಅಂತ ಮೊದಲು ನೋಡಿ.

ಎಲ್ಲಕ್ಕಿಂತ ಗಟ್ಟಿಯಾದ ಆಧಾರ 2006ರ ಅರಣ್ಯ ಹಕ್ಕು ಕಾಯ್ದೆ. ಅದರ ಕಲಂ 3(1)(ಸಿ) ಪ್ರಕಾರ ಹಿಂದಿನಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ (ಮರಮುಟ್ಟು ಅಲ್ಲದ ಹಣ್ಣು, ಜೇನಿನಂಥವುಗಳ) ಒಡೆತನ, ಸಂಗ್ರಹ, ಮಾರಾಟದ ಹಕ್ಕು ಅರಣ್ಯವಾಸಿಗಳದು. ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದರು ಅಂತ ತೋರಿಸಬೇಕು. ಸಮುದಾಯ ಹಕ್ಕಿಗೆ ನಮೂನೆ 'ಬಿ'. ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ನಿಧಾನ, ಬೇಸರ ತರಿಸುವ ಕೆಲಸ. ಆದರೂ ಬಿಡಬೇಡಿ.

ಯಾಕೆ ಅಂತ ಬಿಳಿಗಿರಿರಂಗನ ಬೆಟ್ಟದವರನ್ನು ಕೇಳಬೇಕು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಅಭಯಾರಣ್ಯದಿಂದ ಮಾರಾಟಕ್ಕೆ ಏನನ್ನೂ ತರುವಂತಿಲ್ಲ ಅಂತಾಯಿತು. ಜೇನು, ನೆಲ್ಲಿಕಾಯಿ, ಮರದ ಪಾಚಿ (ಕಲ್ಲುಹೂವು) ಸಂಗ್ರಹಿಸಿ ಲ್ಯಾಂಪ್ಸ್ ಸೊಸೈಟಿಗೆ, ಅಂದರೆ ಆದಿವಾಸಿಗಳ ಸಹಕಾರ ಸಂಘಕ್ಕೆ, ಕೊಟ್ಟು ಬದುಕುತ್ತಿದ್ದ ಅಲ್ಲಿನ ಆದಿವಾಸಿಗಳಾದ ಸೋಲಿಗರು ವರ್ಷಗಟ್ಟಲೆ ಆ ದುಡಿಮೆ ಕಳೆದುಕೊಂಡರು. 2011ರಲ್ಲಿ ಅಲ್ಲಿನ ಪೋಡುಗಳ (ಸೋಲಿಗರ ಹಾಡಿಗಳ) ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಕಾಡಿನ ದರ್ಜೆ ಯಾವಾಗ ಬೇಕಾದರೂ ಬದಲಾಗಬಹುದು. ಅಘನಾಶಿನಿ ಕಣಿವೆ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ದರ್ಜೆ ಬದಲಾದರೂ ನಿಲ್ಲುವುದು ಹಕ್ಕುಪತ್ರ ಮಾತ್ರ.

ಹಂತ 2: ಯಾವ ಭಾಗ ಕೊಯ್ಯುತ್ತೀರಿ ನೋಡಿ

ಹಣ್ಣು ಕೊಯ್ದರೆ ಮರ ಸಾಯುವುದಿಲ್ಲ. ತೊಗಟೆ ಸುಲಿದರೆ, ಬೇರು ಅಗೆದರೆ ಸಾಯಬಹುದು. ಹಾಗಾಗಿ ಹೊಸ ಗುಂಪಿಗೆ ನನ್ನ ಸಲಹೆ ಇಷ್ಟೇ: ಉಪ್ಪಾಗೆ, ಮುರುಗಲು (ಕೋಕಂ), ಅಂಟುವಾಳ, ಸೀಗೆ, ನೆಲ್ಲಿಯಂಥ ಕಾಯಿ-ಹಣ್ಣಿನಿಂದ ಶುರು ಮಾಡಿ. ಮರದರಿಶಿನ, ಅಶೋಕದ ತೊಗಟೆ, ಏಕನಾಯಕದ ಬೇರು ಇವುಗಳಿಗೆ ಕೈ ಹಾಕಬೇಡಿ, ಎಷ್ಟೇ ದರ ಹೇಳಲಿ. ಮರದರಿಶಿನ ಬಳ್ಳಿ ಬುಡ ಕಡಿದ ಮೇಲೆ ಮತ್ತೆ ಅಷ್ಟು ದಪ್ಪ ಆಗುವ ಹೊತ್ತಿಗೆ ನಿಮ್ಮ ಮೊಮ್ಮಕ್ಕಳ ಕಾಲ ಬಂದಿರುತ್ತದೆ.

ಹಣ್ಣಿನಲ್ಲೂ ಒಂದು ಸೂಕ್ಷ್ಮ ಇದೆ. ರಾಮಪತ್ರೆಯನ್ನು ಕಾಯಿ ತಾನಾಗಿ ಬಿರಿಯುವ ಮೊದಲೇ ಬಡಿದು ಉದುರಿಸಿದರೆ ಪತ್ರೆಯ ಬಣ್ಣವೂ ಸರಿ ಬರುವುದಿಲ್ಲ, ಬೀಜವೂ ಹುಟ್ಟುವುದಿಲ್ಲ, ಮಂಗಟ್ಟೆ ಹಕ್ಕಿಗೂ ಸಿಗುವುದಿಲ್ಲ. ಮೂರೂ ಕಡೆ ನಷ್ಟ.

ಹಂತ 3: ಕೊಯ್ಯುವ ಮೊದಲು ಎಣಿಸಿ

ಇದಕ್ಕೆ ವಿಜ್ಞಾನಿಗಳೇ ಬೇಕು ಅಂತಿಲ್ಲ. ಹಳೆಯ ಕೊಯ್ಲುಗಾರರು ಇಬ್ಬರು, ಬರೆದುಕೊಳ್ಳಲು ಒಬ್ಬ ಹುಡುಗ ಅಥವಾ ಹುಡುಗಿ, ಬಟ್ಟೆ ಅಳೆಯುವ ಟೇಪು, ಒಂದು ಡಬ್ಬಿ ಬಣ್ಣ, ಇಪ್ಪತ್ತು ಮೀಟರ್ ಹಗ್ಗ. ಇಷ್ಟು ಸಾಕು.

ಮರಕ್ಕೊಂದು ಸಂಖ್ಯೆ ಬರೆಯಿರಿ. ಎದೆಮಟ್ಟದಲ್ಲಿ ಸುತ್ತಳತೆ ತೆಗೆಯಿರಿ. ಫಸಲು ಎಷ್ಟಿದೆ ಅಂತ ನಾಲ್ಕೇ ಮಾತಿನಲ್ಲಿ ದಾಖಲಿಸಿ: ಖಾಲಿ, ಕಡಿಮೆ, ಮಧ್ಯಮ, ಭರ್ತಿ. ಹಳೆ ಟೊಂಗೆ ಕಡಿದ ಗುರುತು ಇದೆಯಾ ಬರೆಯಿರಿ. ಕಾಯಿ ಬಿಡದ ಮರ ಕಂಡರೆ 'ಗಂಡು' ಅಂತ ಗುರುತು ಹಾಕಿ. ಉಪ್ಪಾಗೆ, ಮುರುಗಲು ಎರಡರಲ್ಲೂ ಗಂಡು ಮರ ಬೇರೆಯೇ ಇರುತ್ತದೆ. 'ಫಲ ಕೊಡದ ಮರ, ಸೌದೆಗಾಯಿತು' ಅಂತ ಅದನ್ನು ಕಡಿದರೆ ಸುತ್ತಲಿನ ಮರಗಳಲ್ಲಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ.

ಆಮೇಲೆ ಕೆಲವು ಮರಗಳ ಕೆಳಗೆ ಹಗ್ಗದಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಮಾಡಿ. ಅದರೊಳಗಿನ ಸಸಿಗಳನ್ನು ಎರಡು ಗುಂಪಾಗಿ ಎಣಿಸಿ: ಮೊಣಕಾಲಿಗಿಂತ ಚಿಕ್ಕವು, ಮೊಣಕಾಲಿನಿಂದ ತಲೆಯೆತ್ತರದವರೆಗಿನವು. ಈ ಎರಡು ಅಂಕಿ ಬಹಳ ಮಾತಾಡುತ್ತವೆ. ಚಿಕ್ಕ ಸಸಿಯೇ ಇಲ್ಲ ಅಂದರೆ ಬೀಜ ನೆಲಕ್ಕೆ ಬೀಳುತ್ತಿಲ್ಲ, ಕೊಯ್ಲು ಜಾಸ್ತಿಯಾಗಿದೆ. ಚಿಕ್ಕವು ತುಂಬ ಇವೆ, ದೊಡ್ಡವು ಇಲ್ಲ ಅಂದರೆ ತಪ್ಪು ಕೊಯ್ಲಿನದಲ್ಲ. ದನ ಮೇಯುತ್ತಿರಬೇಕು, ಬೆಂಕಿ ಬಿದ್ದಿರಬೇಕು, ಇಲ್ಲವೇ ಸೊಪ್ಪು ಕಡಿಯುವಾಗ ಸಸಿಯೂ ಹೋಗುತ್ತಿರಬೇಕು. ರೋಗ ಒಂದು, ಮದ್ದು ಇನ್ನೊಂದು ಆಗಬಾರದು ಅಲ್ವಾ?

ಬಿಳಿಗಿರಿರಂಗನ ಬೆಟ್ಟದಲ್ಲಿ ಆದದ್ದು ಹೀಗೆಯೇ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಸೇರಿ ನೆಲ್ಲಿ ಮರಗಳ ಫಸಲು ಅಂದಾಜು ಮಾಡುತ್ತಿದ್ದರು. ನೆಲ್ಲಿ ಸೊರಗಿದ್ದಕ್ಕೆ ಕೊಯ್ಲೊಂದೇ ಕಾರಣ ಅಲ್ಲ, ಮರದ ಮೇಲೆ ಬೆಳೆಯುವ ಬದನಿಕೆಯೂ ಕಾರಣ ಅಂತ ಕಂಡಿತು. ಸೋಲಿಗರು ಅದನ್ನು ಉಪ್ಪಿಲು ಅನ್ನುತ್ತಾರೆ. ಹಿಂದೆ ಬೇಸಗೆಯ ಆರಂಭದಲ್ಲಿ ತರಗು ಬೆಂಕಿ (ನೆಲದ ಒಣ ಎಲೆಗೆ ಸಣ್ಣ ಬೆಂಕಿ) ಹಾಕುತ್ತಿದ್ದೆವು, ಆಗ ಉಪ್ಪಿಲು, ಲಂಟಾನ ಎರಡೂ ಹತೋಟಿಯಲ್ಲಿದ್ದವು, ಅದನ್ನು ನಿಲ್ಲಿಸಿದ ಮೇಲೆ ಹೀಗಾಯಿತು ಅನ್ನುವುದು ಅವರ ಮಾತು. ಸುಮ್ನೆ ಕೊಯ್ಲು ನಿಷೇಧಿಸಿದರೆ ನೆಲ್ಲಿ ಉಳಿಯುವುದಿಲ್ಲ ಅಂತಾಯಿತು.

ಹಂತ 4: ಕೊಯ್ಲಿನ ದಿನ ಊರೇ ಗೊತ್ತು ಮಾಡಲಿ

ಎಳೆಗಾಯಿ ಕೊಯ್ಯುವವರಿಗೆ ಬುದ್ಧಿ ಹೇಳುವುದರಿಂದ ಏನೂ ಆಗುವುದಿಲ್ಲ. ಅವರಿಗೂ ಗೊತ್ತು. ಹಣ್ಣಾದರೆ ಸಿಪ್ಪೆ ದಪ್ಪ, ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ 'ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ತಾನೆ' ಅನ್ನುವುದೂ ನಿಜವೇ. ಇದು ಒಬ್ಬೊಬ್ಬರ ದುರಾಸೆಯ ಪ್ರಶ್ನೆ ಅಲ್ಲ, ಒಡೆಯರಿಲ್ಲದ ಮರದ ಪ್ರಶ್ನೆ. ಪರಿಹಾರವೂ ಒಟ್ಟಿಗೇ ಆಗಬೇಕು.

ಎರಡು ದಾರಿ ಇವೆ. ಒಂದು, ಮನೆಗಿಷ್ಟು ಮರ ಅಂತ ಹಂಚುವುದು. ಕೊಯ್ಯುವ ಹಕ್ಕಷ್ಟೇ, ಒಡೆತನ ಅಲ್ಲ. ವರ್ಷಕ್ಕೊಮ್ಮೆ ಚೀಟಿ ಎತ್ತಿ ಬದಲಾಯಿಸಬಹುದು. ಆದರೆ ಪ್ರತಿ ವರ್ಷ ಬದಲಾದರೆ ಯಾರೂ ಆರೈಕೆ ಮಾಡುವುದಿಲ್ಲ. ಐದು ವರ್ಷಕ್ಕೊಮ್ಮೆ ಇಟ್ಟರೆ ಲೇಸು. ಇನ್ನೊಂದು, ಎಲ್ಲರಿಗೂ ಒಂದೇ ಆರಂಭದ ದಿನ. ಕೆಲವು ಮರ ಹತ್ತಿ ನೋಡಿ, ಅರ್ಧಕ್ಕಿಂತ ಜಾಸ್ತಿ ಕಾಯಿ ಹಳದಿಗೆ ತಿರುಗಿದೆ ಅಂದ ಮೇಲೆ ದಿನ ಸಾರುವುದು. ಅದಕ್ಕೆ ಮೊದಲು ತಂದ ಮಾಲನ್ನು ಗುಂಪು ತೂಗುವುದೇ ಇಲ್ಲ. ಪಕ್ಕದ ಊರಿನವರನ್ನೂ ಸೇರಿಸಿಕೊಳ್ಳದಿದ್ದರೆ ಇದು ಎರಡೇ ದಿನದಲ್ಲಿ ಮುರಿದು ಬೀಳುತ್ತದೆ. ಮೊದಲ ಸಭೆಗೇ ಅವರನ್ನು ಕರೆಯಿರಿ.

ಕೊಯ್ಲಿನ ನಿಯಮ ನಾಲ್ಕು ಸಾಕು. ದೋಟಿ ಅಥವಾ ಕೊಕ್ಕೆಯಲ್ಲಿ ಕೊಯ್ಯಬೇಕು, ಕತ್ತಿ ಮರ ಹತ್ತುವಂತಿಲ್ಲ. ಎಣಿಸಿದ ಪ್ರತಿ ಐದು ಮರಕ್ಕೆ ಒಂದನ್ನು ಮುಟ್ಟುವಂತಿಲ್ಲ, ಅದೂ ಚೆನ್ನಾಗಿ ಫಸಲು ಬಿಡುವ ಮರವೇ ಆಗಿರಬೇಕು. ತುದಿಯ ಹಣ್ಣು ಮಂಗ, ಹಕ್ಕಿಗೆ. ಸಿಂಗಳೀಕ ಇರುವ ಕಾಡಾದರೆ ಇದನ್ನು ಇನ್ನೂ ಬಿಗಿ ಮಾಡಿ, ಉಪ್ಪಾಗೆ ಅದರ ಆಹಾರ. ಕೊನೆಯದು, ತುಪ್ಪಕ್ಕೆ ಬೇಡದ ಬೀಜ ಒಲೆಗೆ ಹೋಗಬಾರದು. ಕಾಡಿಗೇ ವಾಪಸು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಹಾಗಾಗಿ ಅಲ್ಲಲ್ಲಿ ಎಸೆದು ಬರುವ ಬದಲು ತರಗೆಲೆ ಅಡಿಯಲ್ಲಿ ಊರಿ.

ಜೇನಿಗೂ ಇದೇ ಬಗೆಯ ಮಾತು. ಹೆಜ್ಜೇನಿನ ತುಪ್ಪದ ಭಾಗ ಮಾತ್ರ ಕೊಯ್ದು, ಮರಿ ಇರುವ ಭಾಗ ಬಿಡಬೇಕು. ಬಂಡೆಯ ಎಲ್ಲ ಹುಟ್ಟನ್ನೂ ಒಂದೇ ರಾತ್ರಿ ಖಾಲಿ ಮಾಡಬಾರದು.

ಹಂತ 5: ಒಣಗಿಸುವಲ್ಲಿ ಕಾಡು ಸುಡಬೇಡಿ

ಮುರುಗಲು ಏಪ್ರಿಲ್-ಮೇ ತಿಂಗಳ ಫಸಲು. ಬಿಸಿಲಿದೆ. ಅಕಾಲದ ಮಳೆಯೊಂದು ಬಾರದಿದ್ದರೆ ಚಾಪೆ ಮೇಲೆ, ಸೋಲಾರ್ ಡ್ರೈಯರ್‌ನಲ್ಲಿ ಆರಾಮಾಗಿ ಒಣಗುತ್ತದೆ. ಉಪ್ಪಾಗೆ ಬರುವುದು ಜಡಿಮಳೆಯಲ್ಲಿ. ಬೆಂಕಿಯೇ ಗತಿ. ತೆರೆದ ಒಲೆ ಮೇಲೆ ತಟ್ಟಿ ಹಾಕಿ ಒಣಗಿಸಿದರೆ ಸೌದೆ ಸುರಿಯುತ್ತಲೇ ಇರಬೇಕು. ಹಣ್ಣನ್ನು ಜೋಪಾನವಾಗಿ ಕೊಯ್ದು, ಒಣಗಿಸಲು ಇನ್ನೊಂದು ಮರ ಕಡಿದರೆ ಏನು ಬಂತು?

ಶಾಖ ಹೊರಗೆ ಸೋರದ, ಹೊಗೆ ಬೇರೆ ಕೊಳವೆಯಲ್ಲಿ ಹೋಗುವ ಮುಚ್ಚಿದ ಡ್ರೈಯರ್ ಒಂದನ್ನು ನಾಲ್ಕಾರು ಮನೆ ಸೇರಿ ಕಟ್ಟಿಕೊಳ್ಳಿ. ಸೌದೆ ಉಳಿಯುತ್ತದೆ. ಸಿಪ್ಪೆಗೆ ಹೊಗೆ ವಾಸನೆ ಹಿಡಿಯುವುದಿಲ್ಲ. ಆಹಾರಕ್ಕೆ ಕೊಳ್ಳುವವರು ಹೊಗೆ ಮಾಲನ್ನು ಕೀಳು ದರ್ಜೆಗೆ ತಳ್ಳುತ್ತಾರೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿ ನೋಡಿ.

ಒಂದು ಅಳತೆ ನೀವೇ ಮಾಡಿ ಇಟ್ಟುಕೊಳ್ಳಬೇಕು. ಹತ್ತು ಕಿಲೋ ಹಸಿ ಸಿಪ್ಪೆ ತೂಗಿ, ಪೂರ್ತಿ ಒಣಗಿಸಿ, ಮತ್ತೆ ತೂಗಿ. ಗೋಣಿಯಲ್ಲಿ ಒಂದು ತಿಂಗಳಿಟ್ಟು ಮೂರನೇ ಸಲ ತೂಗಿ. ಈ ಮೂರು ಅಂಕಿ ಕೈಯಲ್ಲಿದ್ದರೆ 'ತೇವ ಇದೆ' ಅಂತ ವ್ಯಾಪಾರಿ ಮನಸ್ಸಿಗೆ ಬಂದಷ್ಟು ತೂಕ ಮುರಿಯುವಾಗ ಎದುರು ಮಾತಾಡಬಹುದು.

ಹಂತ 6: ದರ ಕೇಳುವ ಮೊದಲು ನಿಮ್ಮ ದರ ಬರೆಯಿರಿ

ನ್ಯಾಯದ ಪಾಲು ಅಂದ ತಕ್ಷಣ ಎಲ್ಲರಿಗೂ ಕಂಪನಿಯ ಚೆಕ್ಕು ನೆನಪಾಗುತ್ತದೆ. ನನ್ನ ಲೆಕ್ಕದಲ್ಲಿ ಮೊದಲ ಪಾಲು ತಕ್ಕಡಿಯಲ್ಲೇ ಇದೆ.

ಊಹೆಯ ಅಂಕಿ ಹಿಡಿದು ನೋಡೋಣ. ಇಬ್ಬರು ಎರಡು ದಿನ ದುಡಿದು ಹತ್ತು ಕಿಲೋ ಒಣ ಸಿಪ್ಪೆ ಮಾಡಿದರು ಅಂದುಕೊಳ್ಳಿ. ದಿನಕ್ಕೆ 500 ರೂಪಾಯಿಯಂತೆ ನಾಲ್ಕು ಆಳಿಗೆ 2,000. ಕಿಲೋಗೆ 200 ಕೂಲಿಯೇ ಆಯಿತು. ಸೌದೆ 20, ಉಪ್ಪು ಮತ್ತು ಚೀಲ 5, ಸಾಗಾಟ 5, ತೂಕ ಇಳಿಕೆ 10, ಗುಂಪಿನ ಖರ್ಚು 10. ಒಟ್ಟು 250. ವ್ಯಾಪಾರಿ 180 ಹೇಳಿದರೆ ಅವನು ನಿಮ್ಮ ಕೂಲಿಯಲ್ಲಿ 70 ಕೇಳುತ್ತಿದ್ದಾನೆ ಅಂತ ಅರ್ಥ. ಮನೆಯವರ ದುಡಿಮೆಗೆ ಕೂಲಿ ಹಾಕದೇ ಲೆಕ್ಕ ಮಾಡುವುದು ನಮ್ಮ ಕಡೆಯ ದೊಡ್ಡ ಚಾಳಿ. ಹೆಂಗಸರು ಸಿಪ್ಪೆ ಬಿಡಿಸಿದ ಹೊತ್ತನ್ನಂತೂ ಯಾರೂ ಹಿಡಿಯುವುದಿಲ್ಲ. ಹಿಡಿಯಿರಿ.

ದರ ಬೀಳುವುದಕ್ಕೆ ಮುಖ್ಯ ಕಾರಣ ಮುಂಗಡ. ಮಳೆ ಶುರುವಾಗುವ ಹೊತ್ತಿಗೆ ಶಾಲೆ ಶುರು, ಕೈ ಖಾಲಿ. ಆಗ ಕೊಟ್ಟ ಐದು ಸಾವಿರ ಆಗಸ್ಟಿನ ದರವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಗುಂಪಿನ ಮೊದಲ ಬಂಡವಾಳ ಯಂತ್ರಕ್ಕೆ ಹೋಗುವುದಕ್ಕಿಂತ ಸದಸ್ಯರಿಗೆ ಮೇ-ಜೂನ್‌ನಲ್ಲಿ ಸಣ್ಣ ಮುಂಗಡ ಕೊಡಲು ಹೋಗಲಿ. ಎರಡನೇ ಖರ್ಚು, ಮುದ್ರೆ ಹಾಕಿಸಿದ ತೂಕದ ಯಂತ್ರ. ತೂಗಿದ ಕೂಡಲೇ ಚೀಟಿ, ಚೀಟಿಯಲ್ಲಿ ಹೆಸರು, ತೂಕ, ದರ್ಜೆ, ದರ. ಸೂಟು ಗೀಟು ಅಂತ ತೂಕದಲ್ಲಿ ಏನೂ ಕಳೆಯುವಂತಿಲ್ಲ.

ಕೇಂದ್ರ ಸರ್ಕಾರ ಕೆಲವು ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆ ಗೊತ್ತು ಮಾಡಿದೆ. 2020ರ ಮೇ ತಿಂಗಳಲ್ಲಿ ಕಾಡುಜೇನಿನ ಬೆಂಬಲ ಬೆಲೆಯನ್ನು ಕಿಲೋಗೆ 195ರಿಂದ 225 ರೂಪಾಯಿಗೆ ಏರಿಸಿದರು. ಇದು ನೆಲದ ಮಟ್ಟ, ಗುರಿ ಅಲ್ಲ. ಸೋಸಿ, ತೇವ ಇಳಿಸಿ, ಬಾಟಲಿಗೆ ತುಂಬಿದ ಜೇನಿಗೆ ಇದರ ಎಷ್ಟೋ ಪಟ್ಟು ಸಿಗುತ್ತದೆ. ನೀಲಗಿರಿಯ ಕೋಟಗಿರಿಯಲ್ಲಿ ಆದಿವಾಸಿಗಳೇ ಷೇರುದಾರರಾಗಿ 2013ರಲ್ಲಿ ಕಟ್ಟಿಕೊಂಡ ಆದಿಮಲೈ ಉತ್ಪಾದಕರ ಕಂಪನಿ ಹಾಗೆಯೇ ಬೆಳೆಯಿತು. 2021ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಒಂದೇ ಮಾಲು, ಒಬ್ಬನೇ ಗಿರಾಕಿ ಬೇಡ. ಗುಳಿಗೆ ಕಂಪನಿಯ ಬೇಡಿಕೆ ಇವತ್ತು ಇದ್ದು ನಾಳೆ ಇಲ್ಲವಾಗಬಹುದು. ಉಪ್ಪಾಗೆ ಸಿಪ್ಪೆಯ ಜೊತೆ ತುಪ್ಪ, ಮುರುಗಲು ಸಿಪ್ಪೆಯ ಜೊತೆ ಶರಬತ್ತು ಮತ್ತು ಬೀಜದ ಬೆಣ್ಣೆ ಇರಲಿ. ಮುರುಗಲು ಬೆಣ್ಣೆಯನ್ನು ಸೌಂದರ್ಯವರ್ಧಕ ಮಾಡುವವರು ಕೊಳ್ಳುತ್ತಾರೆ, ನಾವು ಒಡೆದ ಹಿಮ್ಮಡಿಗೆ ಹಚ್ಚುತ್ತ ಬಂದದ್ದೇ. ತಿನ್ನುವ ಮಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಅರಣ್ಯದ ಮಾಲಿನ ಸಾಗಾಟಕ್ಕೆ ಪಾಸು ಬೇಕು. ಅರಣ್ಯ ಹಕ್ಕು ಸಿಕ್ಕಿದ್ದರೆ 2012ರ ತಿದ್ದುಪಡಿ ನಿಯಮದಂತೆ ಗ್ರಾಮಸಭೆಯ ಸಮಿತಿಯೇ ಪಾಸು ಕೊಡಬಹುದು.

ಹಂತ 7: ಬಿಲ್ಲಿನಲ್ಲಿ ಊರಿನ ಹೆಸರು ಬರಲಿ

ಈ ಬರಹದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಕಾಡಿನ ಮಾಲನ್ನು ವ್ಯಾಪಾರಕ್ಕೆ ಬಳಸುವ ಕಂಪನಿ ಕೊಡುವ ಪಾಲು ಆ ಸಂಪನ್ಮೂಲ ಎಲ್ಲಿಂದ ಬಂತೋ ಆ ಊರಿಗೆ ಹೋಗಬೇಕು. ಆದರೆ ಮಾಲು ಹಳ್ಳಿಯ ಅಂಗಡಿಯಿಂದ ಪೇಟೆಯ ಮಂಡಿಗೆ, ಮಂಡಿಯಿಂದ ದೂರದ ಕಾರ್ಖಾನೆಗೆ ಹೋಗುವ ಹೊತ್ತಿಗೆ ಹತ್ತಾರು ಊರಿನ ಚೀಲ ಬೆರೆತಿರುತ್ತವೆ. ಕಂಪನಿಯ ಕಾಗದದಲ್ಲಿ ಉಳಿಯುವುದು ಮಂಡಿಯ ಹೆಸರು. ಹಣ ಬಂದರೂ ಯಾವ ಪಂಚಾಯಿತಿಗೆ ಕಳಿಸಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಪ್ರತಿ ಚೀಲಕ್ಕೆ ಚೀಟಿ ಹೊಲಿಯಿರಿ: ಗ್ರಾಮ, ಪಂಚಾಯಿತಿ, ಕಾಡಿನ ಸರ್ವೆ ನಂಬರ್ ಅಥವಾ ಬ್ಲಾಕ್, ಗಿಡದ ಹೆಸರು, ಭಾಗ, ಕೊಯ್ಲಿನ ತಿಂಗಳು, ತೂಕ. ಇದೇ ವಿವರ ಬಿಲ್ಲಿನಲ್ಲೂ ಇರಲಿ. ಒಂದು ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ಸಹಿ ಪಡೆಯಿರಿ.

ಆ ಸಮಿತಿ ನಿಮ್ಮ ಪಂಚಾಯಿತಿಯಲ್ಲಿ ಇದ್ದೇ ಇರುತ್ತದೆ, ಕಾಗದದ ಮೇಲಾದರೂ. ಅದೇ ಕಾಯ್ದೆಯ ಕಲಂ 41ರ ಪ್ರಕಾರ ಇರಲೇಬೇಕು. ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ. ಪಿಡಿಓ ಅವರನ್ನು ಭೇಟಿ ಮಾಡಿ ಪಟ್ಟಿ ಕೇಳಿ. ಜೀವವೈವಿಧ್ಯ ದಾಖಲಾತಿ ಪುಸ್ತಕ ತೆರೆಸಿ ಓದಿ. ನಿಮ್ಮ ಉಪ್ಪಾಗೆ, ಅದನ್ನು ಒಣಗಿಸುವ ಕ್ರಮ, ಕೊಯ್ಯುವ ಕಾಲ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಹೊರಗಿನಿಂದ ಬಂದು ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಈ ಸಮಿತಿಗೆ ಇದೆ.

ಹಂತ 8: ಕಾಯ್ದೆಯ ಪಾಲು ಎಷ್ಟು, ಯಾರಿಂದ

1992ರ ರಿಯೋ ಜೀವವೈವಿಧ್ಯ ಒಪ್ಪಂದದ ಬೆನ್ನಿಗೆ ನಮ್ಮಲ್ಲಿ ಬಂದದ್ದು 2002ರ ಜೀವವೈವಿಧ್ಯ ಕಾಯ್ದೆ. ಲಾಭದ ಪಾಲು ಹಂಚುವ ಬಗೆಗಿನ ನಗೋಯಾ ಒಪ್ಪಂದ ಆಮೇಲೆ, 2010ರಲ್ಲಿ ಬಂತು. ನಮ್ಮ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಊರಿನವರು, ಬೆಳೆಗಾರರು, ನಾಟಿ ವೈದ್ಯರು ಯಾರ ಅನುಮತಿಯನ್ನೂ ಕೇಳಬೇಕಿಲ್ಲ, ಪಾಲೂ ಕೊಡಬೇಕಿಲ್ಲ. ವ್ಯಾಪಾರಕ್ಕೆ ಬಳಸುವ ಭಾರತೀಯ ಕಂಪನಿ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ವಿದೇಶಿ ಕಂಪನಿಯಾದರೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಒಪ್ಪಿಗೆ ಬೇಕು. ಭಾರತೀಯ ಕಂಪನಿಗಳೂ ಪಾಲು ಕೊಡಬೇಕೇ ಅನ್ನುವ ವಾದಕ್ಕೆ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟಿತು: ಕೊಡಬೇಕು.

ಎಷ್ಟು? 2025ರ ನಿಯಮಾವಳಿಯಂತೆ ವಾರ್ಷಿಕ ವಹಿವಾಟು 5 ಕೋಟಿವರೆಗೆ ಏನೂ ಇಲ್ಲ. 5ರಿಂದ 50 ಕೋಟಿಗೆ ಶೇ 0.2, 50ರಿಂದ 250 ಕೋಟಿಗೆ ಶೇ 0.4, ಅದರ ಮೇಲೆ ಶೇ 0.6. ಅಂದರೆ 20 ಕೋಟಿ ವಹಿವಾಟಿನ ಕಂಪನಿ ಕೊಡುವುದು 4 ಲಕ್ಷ. ಅದು ಮಾಲು ಕೊಟ್ಟ ಎಲ್ಲ ಊರಿಗೂ ಸೇರಿ. ಅದೇ ನಿಮ್ಮ ಗುಂಪು 20 ಟನ್ ಮಾರಿ, ಕಿಲೋಗೆ ಹತ್ತೇ ರೂಪಾಯಿ ಜಾಸ್ತಿ ಪಡೆದರೆ 2 ಲಕ್ಷ ನೇರ ಕೈಗೆ. ತಕ್ಕಡಿ ಮೊದಲು ಅಂದದ್ದು ಇದಕ್ಕೇ. ಹಾಗಂತ ಕಾಯ್ದೆಯ ಪಾಲನ್ನು ಬಿಡಬೇಡಿ. ಸಸಿ ನೆಡಲು, ಕಾಡು ಕಾಯಲು ಬೇರೆ ಯಾರೂ ದುಡ್ಡು ಕೊಡುವುದಿಲ್ಲ.

ತಿದ್ದುಪಡಿಯಲ್ಲಿ ಎರಡು ವಿನಾಯಿತಿ ಬಂದಿವೆ, ಎಚ್ಚರ ಇರಲಿ. ಬೆಳೆಸಿದ ಔಷಧಿ ಗಿಡಕ್ಕೆ ವಿನಾಯಿತಿ, ಗ್ರಂಥದಲ್ಲಿ ದಾಖಲಾದ ಸಾಂಪ್ರದಾಯಿಕ ಜ್ಞಾನಕ್ಕೆ ವಿನಾಯಿತಿ. ಕಾಡಿನ ಮಾಲನ್ನು 'ತೋಟದ್ದು' ಅಂತ ಬರೆಸಿಕೊಳ್ಳಲು ಬರುವವರು ಇರುತ್ತಾರೆ. ಸಮಿತಿಯವರು ಮರ ನೋಡದೆ ಯಾವ ಪ್ರಮಾಣಪತ್ರಕ್ಕೂ ಸಹಿ ಹಾಕಬಾರದು. ಈ ವಿನಾಯಿತಿಗಳು ಊರಿನ ಪಾಲನ್ನು ಕಿರಿದು ಮಾಡಿವೆ ಅನ್ನುವುದು ನನ್ನ ಅಭಿಪ್ರಾಯ.

ಹಂತ 9: ತಿಳಿವಳಿಕೆಯನ್ನು ಬಾಯಿಮಾತಿನಲ್ಲಿ ಕೊಡಬೇಡಿ

ಮಾಲಿಗಿಂತ ಬೆಲೆಬಾಳುವುದು ಅದರ ಉಪಯೋಗ ಗೊತ್ತಿರುವುದು. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ವಿಜ್ಞಾನಿಗಳ ಜೊತೆ ನಡೆಯುತ್ತಿದ್ದ ಕಾಣಿ ಬುಡಕಟ್ಟಿನ ಜನ ಒಂದು ಕಾಯಿ ತಿನ್ನುತ್ತಿದ್ದರು, ಅವರಿಗೆ ದಣಿವೇ ಆಗುತ್ತಿರಲಿಲ್ಲ. ಅದು ಆರೋಗ್ಯಪಚ್ಚ. ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಅದರಿಂದ 'ಜೀವನಿ' ಎಂಬ ಔಷಧಿ ಮಾಡಿ, 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ತಯಾರಿಕೆಯ ಹಕ್ಕು ಕೊಟ್ಟಿತು. 10 ಲಕ್ಷ ಶುಲ್ಕ, ಜೊತೆಗೆ ಶೇ 2 ರಾಯಧನ. ಅದರಲ್ಲಿ ಅರ್ಧ ಕಾಣಿಗಳಿಗೆ. ಹಣ ಪಡೆಯಲು 1997ರಲ್ಲಿ ಅವರದೊಂದು ಟ್ರಸ್ಟ್ ಆಯಿತು.

ಜಗತ್ತೆಲ್ಲ ಇದನ್ನು ಮಾದರಿ ಅಂದಿತು. ಒಳಗೆ ತೊಡಕಿತ್ತು. ಗುಟ್ಟು ಹೇಳಿದ್ದು ಕೆಲವರು, ಕಾಣಿಗಳು ಇದ್ದದ್ದು ಹಲವು ಊರುಗಳಲ್ಲಿ. ಎಲ್ಲರ ಒಪ್ಪಿಗೆ ಮೊದಲೇ ಆಗಿರಲಿಲ್ಲ. ಕಾಡಿನಿಂದ ಎಲೆ ತರಲು ಅರಣ್ಯ ಇಲಾಖೆಯ ಅಡ್ಡಿ ಬಂತು. ರಾಯಧನದ ಕರಾರು ಇದ್ದರೂ ಎಲೆ ಪೂರೈಸುವ ದಾರಿ ಭದ್ರ ಆಗಿರಲಿಲ್ಲ.

ಹಾಗಾಗಿ ಯಾರಾದರೂ 'ಸಂಶೋಧನೆಗೆ' ಅಂತ ಬಂದು ಅಜ್ಜಿಯ ಮದ್ದು ಕೇಳಿದರೆ ಕಾಫಿ ಕೊಟ್ಟು ಕೂರಿಸಿ, ಆದರೆ ಮೊದಲು ಸಮಿತಿಗೆ ಪತ್ರ ಬರೆಯಲು ಹೇಳಿ. ಯಾವ ಸಂಸ್ಥೆ, ಏನು ಉದ್ದೇಶ, ಪೇಟೆಂಟ್ ಕೇಳುವ ಯೋಚನೆ ಇದೆಯಾ, ಫಲಿತಾಂಶ ಕನ್ನಡದಲ್ಲಿ ಊರಿಗೆ ಕೊಡುತ್ತಾರಾ. ಒಪ್ಪಿಗೆ ಕೊಡುವುದು ಗ್ರಾಮಸಭೆ, ಒಬ್ಬ ಮುಖಂಡ ಅಲ್ಲ.

ಹಂತ 10: ಕರಾರು, ಮತ್ತೆ ಪಾಲು ಹಂಚುವುದು

ಖರೀದಿದಾರರ ಜೊತೆ ಎರಡು ಪುಟದ ಕನ್ನಡ ಕರಾರು ಸಾಕು. ಕನಿಷ್ಠ ದರ, ಮಾರುಕಟ್ಟೆ ಏರಿದರೆ ಅದರಲ್ಲಿ ಪಾಲು, ಗರಿಷ್ಠ ಪ್ರಮಾಣ, ಎಷ್ಟು ದಿನದಲ್ಲಿ ಹಣ, ತೇವದ ಮಿತಿ, ತೂಕ ಎಲ್ಲಿ. ಗರಿಷ್ಠ ಪ್ರಮಾಣ ಮರೆಯಬೇಡಿ. ಹಂತ 3ರಲ್ಲಿ ಎಣಿಸಿದ ಫಸಲಿಗಿಂತ ಜಾಸ್ತಿ ಮಾಲು ಒಪ್ಪಿಕೊಂಡರೆ ಅದೇ ಕತ್ತಿಯನ್ನು ಮರ ಹತ್ತಿಸುತ್ತದೆ.

ಕಾಡಿನ ಮಾಲನ್ನು ಹಾನಿಯಿಲ್ಲದೆ, ನ್ಯಾಯವಾಗಿ ಸಂಗ್ರಹಿಸಿದೆ ಅಂತ ಹೇಳುವ ಫೇರ್‌ವೈಲ್ಡ್‌ನಂಥ ಪ್ರಮಾಣಪತ್ರ ವಿದೇಶಕ್ಕೆ ಮಾರುವ ದೊಡ್ಡ ಗುಂಪಿಗೆ ಸರಿ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಅಳಲೆ, ತಾರೆಕಾಯಿಗೆ ಅದು ಸಿಕ್ಕಿದೆ. ಮಂಗಟ್ಟೆ ಗೂಡು ಕಟ್ಟುವ ದೊಡ್ಡ ತಾರೆ ಮರಗಳಿಗೆ ಅಲ್ಲಿ ಆ ನೆಪದಲ್ಲಿ ಕಾವಲೂ ಆಯಿತು. ನಿಮ್ಮ ಗಿರಾಕಿ ಶಿರಸಿ ಪೇಟೆಯವನೇ ಆದರೆ ಆ ಖರ್ಚು ಸದ್ಯಕ್ಕೆ ಬೇಡ.

ಬಂದ ಲಾಭವನ್ನು ತೂಕದ ಪ್ರಕಾರ ಮಾತ್ರ ಹಂಚಿದರೆ ಗಟ್ಟಿ ಕೈಕಾಲಿನ ಗಂಡಸರಿಗೆ ಹೋಗುತ್ತದೆ. ಒಂದು ಭಾಗ ತೂಕಕ್ಕೆ, ಒಂದು ಭಾಗ ಸಿಪ್ಪೆ ಬಿಡಿಸಿ ಒಣಗಿಸಿದವರ ಗಂಟೆಗೆ, ಒಂದು ಭಾಗ ಮುಂದಿನ ವರ್ಷದ ಮುಂಗಡ ನಿಧಿಗೆ, ಒಂದು ಭಾಗ ಸಸಿಗೆ ಅಂತ ಮಾಡಿ. ಅನುಪಾತ ಊರೇ ಹೇಳಲಿ. ಹಣ ಮನೆಯ ಹೆಂಗಸರ ಖಾತೆಗೂ ಹೋಗಲಿ. ದೀಪಾವಳಿಯ ಹೊತ್ತಿಗೆ ಲೆಕ್ಕ ಓದಿ, ಕೊಯ್ದ ತೂಕವನ್ನು ಹಂತ 3ರ ಎಣಿಕೆ ಪುಸ್ತಕದ ಪಕ್ಕ ಇಟ್ಟು ನೋಡಿ, ಮುಂದಿನ ಹಂಗಾಮಿನ ನಿಯಮ ತಿದ್ದಿ.

ಕಂಪನಿ ಪಾಲು ಕೊಡದಿದ್ದರೆ

ಮೊದಲು ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಿಂದ ನಿರ್ಣಯ ಮಾಡಿಸಿ, ಕರ್ನಾಟಕ ಜೀವವೈವಿಧ್ಯ ಮಂಡಳಿಯ ಸದಸ್ಯ ಕಾರ್ಯದರ್ಶಿಯವರಿಗೆ ಪತ್ರ ಬರೆಯಿರಿ. 2023ರ ತಿದ್ದುಪಡಿಯಲ್ಲಿ ಜೈಲು ಶಿಕ್ಷೆ ಹೋಗಿದೆ, ದಂಡ 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ಇದೆ. ಪತ್ರದಲ್ಲಿ ಸಿಟ್ಟು ಬೇಡ. ಯಾವ ಗಿಡ, ಯಾವ ಭಾಗ, ಯಾವ ವರ್ಷ, ಎಷ್ಟು ತೂಕ, ಯಾರ ಮೂಲಕ ಯಾರಿಗೆ ಹೋಯಿತು ಅನ್ನುವುದಷ್ಟೇ ಇರಲಿ. ಜೊತೆಗೆ ಚೀಲದ ಚೀಟಿ, ಬಿಲ್ಲಿನ ಪ್ರತಿ, ದಾಖಲಾತಿ ಪುಸ್ತಕದ ಆ ಪುಟ, ಕಂಪನಿಯ ಡಬ್ಬಿಯ ಮೇಲೆ ಗಿಡದ ಹೆಸರು ಕಾಣುವ ಫೋಟೋ ಲಗತ್ತಿಸಿ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಎರಡೇ ಪ್ರಶ್ನೆ ಕೇಳಿ: ಈ ಕಂಪನಿ ಮಂಡಳಿಗೆ ಮುಂಚಿತವಾಗಿ ತಿಳಿಸಿದೆಯೇ, ಮತ್ತು ಅದು ಕಟ್ಟಿದ ಹಣ ಯಾವ ಯಾವ ಪಂಚಾಯಿತಿಗೆ ಹೋಗಿದೆ.